ಸೊನ್ನೆಗೆ ಕಾಟು ಹೊಡೆದ ಗೌಂಡಿ

ನನ್ನ ಮೊಮ್ಮಗಳು ಶ್ರಾವಣಿ ಹನ್ನೆರಡನೇ ಇಯತ್ತೆಯಲ್ಲಿದ್ದಾಳೆ. ಮೊನ್ನೆ ಮುಂಜಾನೆ ಗಣಿತದ ವಹಿ ಹರವಿಕೊಂಡು, "ಅಜ್ಜಾ, ಈ ಗೆರಿ ಎಲ್ಲೆಲ್ಲಿ ಸಪಾಟ ಅದ ಅಂತ ಹುಡುಕಬೇಕು" ಅಂದಾಗ ನನಗೆ ಹಿಡಿಸಲಾರದಷ್ಟು ಹಿಗ್ಗಾಯಿತು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ನಿಜ. ಆದರೆ ಸಪಾಟ ಅಂದರೆ ನನ್ನ ಸಾಮ್ರಾಜ್ಯ! ಪುಣೆಯಲ್ಲಿ ನಲವತ್ತು ವರ್ಷ ಇಟ್ಟಿಗೆ-ಗಾರೆಯ ಗೌಂಡಿ ಕೆಲಸ ಮಾಡಿದವನು. ಕೋಥರೂಡದ ಎಷ್ಟು ಮನೆಗಳ ಫರಸಿ ನೆಲದ ಮೇಲೆ ಮಟ್ಟ ನೋಡುವ ನನ್ನ ಗುಳ್ಳೆಯ ರಸಮಟ್ಟ ಕೂತೆದ್ದಿದೆಯೋ, ಅದಕ್ಕೇ ಗೊತ್ತು.

"ಎಲ್ಲಿ, ತೋರಿಸು" ಅಂತ ಮೂಗಿಗೆ ಚಾಳೀಸು ಏರಿಸಿದೆ.

ಎಕ್ಸ್ ಎಂಬ ಅಕ್ಷರದ ತಲೆಯ ಮೇಲೆ ಸಣ್ಣ ಅಂಕಿಗಳು ಕೂತಿದ್ದವು: y = x⁴ − 4x³. ಕೆಳಗೆ ಅದರ ಚಿತ್ರ. ಎಡಗಡೆಯ ಎತ್ತರದಿಂದ ಒಂದು ಗೆರೆ ಇಳಿದು, ತಗ್ಗು ಮುಟ್ಟಿ, ಬಲಗಡೆ ಮತ್ತೆ ಏರುತ್ತಿತ್ತು.

"ಡೆರಿವೇಟಿವ್ ಅಂದ್ರ ಯಾವ ಜಾಗಾದಾಗ ಇಳಿಜಾರು ಎಷ್ಟದ ಅಂತ ಹೇಳೋ ಲೆಕ್ಕ ಅಜ್ಜಾ. ಇಲ್ಲಿ ಅದು 4x²(x − 3) ಬರ್ತದ. ಅದು ಸೊನ್ನಿ ಆದಲ್ಲಿ ಗೆರಿಗೆ ಪಟ್ಟಿ ಮುಟ್ಟಿಸಿದ್ರ, ಪಟ್ಟಿ ಸಪಾಟ ಕೂಡ್ತದ. ನನಗ ಎರಡು ಜಾಗಾ ಸಿಕ್ಕಾವ. x ಮೂರು ಇದ್ದಲ್ಲಿ ಒಂದು, ಸೊನ್ನಿ ಇದ್ದಲ್ಲಿ ಒಂದು."

ಮೂರಕ್ಕೆ ಒಪ್ಪಿದೆ. ಅದು ತಗ್ಗಿನ ತಳ. ಆದರೆ ಸೊನ್ನೆ? ಅದು ಇಳಿಯುವ ಹಾದಿಯ ನಟ್ಟನಡುವೆ! ಇಳಿಯುತ್ತಿರುವ ಗೆರೆ ನಡುವೆ ಸಪಾಟಾಗಿ, ಮತ್ತೆ ಇಳಿಯುವುದು ಅಂದರೇನು? ನಲವತ್ತು ವರ್ಷದ ಅನುಭವ ಸದರಿ ಉತ್ತರವನ್ನು ತಿರಸ್ಕರಿಸಿತು. ಹುಡುಗಿ ನೀರು ಕುಡಿಯಲು ಎದ್ದಾಗ ಅವಳದೇ ಪೆನ್ನಿನಿಂದ ಆ ಸೊನ್ನೆಗೆ ಅಡ್ಡಗೆರೆ ಎಳೆದು ಕಾಟು ಹೊಡೆದೆ. ಒಂದಲ್ಲ, ಎರಡು!

"ಅಜ್ಜಾ! ಹನ್ನೊಂದಕ್ಕ ಈ ವಹಿ ಮ್ಯಾಡಮ್ಮಿಗೆ ಕೊಡಬೇಕು. ಇದಕ್ಕ ಮಾರ್ಕ್ಸ್ ಅದಾವ!" ಶ್ರಾವಣಿಯ ಕಣ್ಣಲ್ಲಿ ನೀರು.

ಅಡಿಗೆಮನೆಯಿಂದ ನನ್ನ ಹೆಂಡತಿ, "ಲೈಟ್ ಬಿಲ್ ಓದಾಕ ಬರಂಗಿಲ್ಲ, ಎಕ್ಸ್ ತಿದ್ದಾಕ ಹೋಗ್ಯಾರ!" ಅಂದಳು.

"ಸುಮ್ಮನ ಹೊಡದಿಲ್ಲ. ಬರ್ರಿ, ಕಣ್ಣಿಗೆ ತೋರಸ್ತೀನಿ" ಎಂದು ರಸಮಟ್ಟ ಹಿಡಿದು ಇಬ್ಬರನ್ನೂ ಕೆಳಗೆ ಕರೆದೊಯ್ದೆ. ನಮ್ಮ ಸೊಸೈಟಿಯ ಪಾರ್ಕಿಂಗಿಗೆ ಒಂದು ಉದ್ದನೆಯ ಇಳಿಜಾರಿದೆ. ನಾನೇ ಮುಂದೆ ನಿಂತು ಕಾಂಕ್ರೀಟ್ ಹಾಕಿಸಿದ್ದು. ಮೇಲಿನಿಂದ ಕೆಳಗಿನವರೆಗೆ ಸಪಾಟದ ಮಾತೇ ಇಲ್ಲ!

ಮೊಣಕಾಲೂರಿ ರಸಮಟ್ಟ ಇಟ್ಟೆ. ಒಳಗಿನ ಗುಳ್ಳೆ ಮೇಲ್ಗಡೆಗೆ ಓಡಿತು. "ನೋಡಿದೇನು?" ಒಂದು ಹೆಜ್ಜೆ ಕೆಳಗಿಟ್ಟೆ. ಗುಳ್ಳೆ ತುಸು ನಡುವಿಗೆ ಸರಿಯಿತು. ಇನ್ನೊಂದು ಹೆಜ್ಜೆ. ಗುಳ್ಳೆ ಸರಿಯಾಗಿ ನಡುಮಧ್ಯ ಬಂದು ಮದುಮಗನ ಹಾಗೆ ಕೂತುಬಿಟ್ಟಿತು! ತಟ್ಟಿದೆ. ತಿರುವಿ ಇಟ್ಟೆ. ಏಳಲೊಲ್ಲದು. ಅಲ್ಲಿಂದ ಕೆಳಗೆ ಮತ್ತೆ ಇಳಿಜಾರು.

ಅಷ್ಟರಲ್ಲಿ ಹಿಂದೆ ಹಾರ್ನ್. ಎರಡನೇ ಮಜಲೆಯ ಮರಾಠಿ ಹೆಂಗಸು, ಸೊಸೈಟಿಗೆಲ್ಲ ಕಾಕು, ಸ್ಕೂಟರ್ ಮೇಲೆ ಕಾಯುತ್ತಿದ್ದರು. "ಆಜೋಬಾ, ತಿಥೇಚ ಪಾಣೀ ಸಾಚತಂ!" ಅಲ್ಲೇ ನೀರು ನಿಲ್ಲುವುದಂತೆ! ಪ್ರತಿ ಮಳೆಗಾಲದಲ್ಲೂ ಅವರ ಸ್ಕೂಟರ್ ಜಾರುವುದು ಅಲ್ಲೇ ಅಂತೆ! ಈ ಕೆಲಸ ಮಾಡಿದ ಮಹಾನುಭಾವ ಯಾರು ಅಂತಲೂ ಕೇಳಿದರು. ಆ ಕ್ಷಣ ನನಗೆ ಮರಾಠಿ ಪೂರ್ತಿ ಮರೆತುಹೋಯಿತು.

"ಅಜ್ಜಾ, ಇದ ನೋಡು ನನ್ನ ಸೊನ್ನಿ!" ಶ್ರಾವಣಿ ಕುಣಿದಾಡಿದಳು.

ಮಾನ ಹೋದದ್ದು ಹೋಯಿತು, ನನಗೂ ಕುಣಿಯಬೇಕು ಅನಿಸಿತು. ಎಂಥಾ ಮೊಮ್ಮಗಳು! ರಸಮಟ್ಟ ಇಲ್ಲದೆ, ಮೊಣಕಾಲೂರದೆ, ಬರೀ ಹಾಳೆಯ ಮೇಲಿನ ಲೆಕ್ಕ ಇಂಥ ಜಾಗವನ್ನು ಹೇಗೆ ಪತ್ತೆ ಹಚ್ಚುತ್ತದೆ? ಅಂದಿನಿಂದ ನಡೆಯುತ್ತಾ ನಡೆಯುತ್ತಾ ರಸ್ತೆಯ ಇಳಿಜಾರಿನಲ್ಲಿ ಎಲ್ಲಾದರೂ ಸಪಾಟ ಅಡಗಿದೆಯೇ ಎಂದು ನಿಂತು ನೋಡುತ್ತೇನೆ.

ಆದರೆ ಪೆನ್ನಿನ ಕಾಟು ಅಳಿಸುವುದು ಹೇಗೆ? ಶ್ರಾವಣಿ ಅದರ ಪಕ್ಕದಲ್ಲಿ, 'ಇದು ಅಜ್ಜ ಹೊಡೆದದ್ದು, ಉತ್ತರ ಸರಿ ಇದೆ' ಎಂದು ಬರೆದು ಕಾಲೇಜಿಗೆ ಓಡಿದಳು.

ಸಂಜೆ ವಹಿ ಬಂತು. ಪೂರ್ತಿ ಮಾರ್ಕ್ಸ್! ಕಾಟಿನ ಕೆಳಗೆ ಮ್ಯಾಡಮ್ಮಿನ ಕೆಂಪು ಷರಾ. ಶ್ರಾವಣಿ ಗಂಭೀರವಾಗಿ ಓದಿ ಹೇಳಿದಳು: "ಕಾಟು ಹೊಡೆದವರು ಈ ಲೆಕ್ಕವನ್ನು ಐದು ಸಲ ಬರೆಯಬೇಕು. ಪಾಲಕರ ಸಹಿ ಅಗತ್ಯ."

"ನನ್ನ ಪಾಲಕರು ಸ್ವರ್ಗದಾಗ ಅದಾರಲ್ಲ!" ಅಂದೆ.

"ಅಷ್ಟು ದೂರ ಯಾಕ್ರೀ, ಕೊಡ್ರಿ ಇಲ್ಲೆ" ಎಂದು ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕಿಯೇಬಿಟ್ಟಳು.

ಎರಡು ಸಲ ಬರೆದಾಗಿದೆ. ಎರಡರಲ್ಲೂ ಎಕ್ಸ್‌ನ ತಲೆಯ ಮೇಲಿನ ಅಂಕಿ ಜಾರಿ ಕಾಲಿಗೆ ಬಿದ್ದಿದೆ!