ಬಸಗೊಂಡಪ್ಪ ತಿಕೋಟಾಕ್ಕೆ ನಡೆದದ್ದು

ಬಸಗೊಂಡಪ್ಪ ಟಾಂಗಾದಿಂದ ಇಳಿಯುವುದನ್ನು ಸಾಹುಕಾರ ಶಿವಶರಣಪ್ಪನವರು ನೋಡಿದ್ದೇ ಎಲ್ಲಕ್ಕೂ ಮೂಲವಾಯಿತು.

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಅವರ ಹತ್ತಿ ವ್ಯಾಪಾರದ ಅಡತಿ ಅಂಗಡಿ. ಅಂಗಡಿಯ ಮುಂದೆ ಟಾಂಗಾ ನಿಂತಿತು. ಬಸಗೊಂಡಪ್ಪ ಒಂದು ಕಾಲು ಕೆಳಗಿಟ್ಟ; ಗಾಡಿ ಆ ಕಡೆ ವಾಲಿತು. ಎರಡನೆಯ ಕಾಲೂ ನೆಲ ಮುಟ್ಟಿದಾಗ ಗಾಡಿ ಚಂಗನೆ ಮೇಲೆದ್ದಿತು. ಕುದುರೆ ಹೆರಿಗೆ ಮುಗಿದವಳಂತೆ ಉದ್ದಕ್ಕೆ ಉಸಿರುಬಿಟ್ಟಿತು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಮನಸ್ಸಾದ ದಿನ ಬರುತ್ತಿತ್ತು, ಮನಸ್ಸಾದಲ್ಲಿ ನಿಲ್ಲುತ್ತಿತ್ತು. ಹತ್ತಿಯ ಸುಗ್ಗಿ ಹತ್ತಿರವಾಗಿತ್ತು. ಬಬಲೇಶ್ವರದ ಸುತ್ತಿನ ಹಳ್ಳಿಗಳನ್ನು ನಡೆದು ತಿರುಗಿ, ಹೊಲ ನೋಡಿ, ರೈತರೊಡನೆ ಖರೀದಿಯ ಮಾತಾಡಲು ಸಾಹುಕಾರರಿಗೆ ಒಬ್ಬ ಮನುಷ್ಯ ಬೇಕಾಗಿದ್ದ. ಬಸಗೊಂಡಪ್ಪ ಅಂಗಡಿಯ ಹಳೆಯ ಗುಮಾಸ್ತ. ಹರೆಯದಿಂದಲೂ ಗಾದಿಯ ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಅವನಿಗೆ ಆ ಕೆಲಸದ ಮೇಲೆ ಜೀವ. ಊರೂರಿನಲ್ಲಿ ‘ಬರ್ರಿ, ಕೂಡ್ರಿ’ ಅನ್ನಿಸಿಕೊಳ್ಳುವುದು ಅವನ ಬಹಳ ದಿನದ ಕನಸು.

“ಬಸಗೊಂಡಪ್ಪ, ಖರೀದಿ ಕೆಲಸ ಸಂಗಣ್ಣಗ ಕೊಡೂಣು ಅಂತ ಮಾಡೇನಿ,” ಎಂದರು ಸಾಹುಕಾರರು. “ಜೋರಾಪುರ ಪೇಟಿ ಮನಿಯಿಂದ ಇಲ್ಲೀತನಕ ನಡಿಯೂದ ನಿನಗ ಆಗೂದಿಲ್ಲ. ಹಳ್ಳಿ ಹೆಂಗ ತಿರಗ್ತಿ?”

ಪಕ್ಕದಲ್ಲಿದ್ದ ಕಿರಿಯ ಗುಮಾಸ್ತ ಸಂಗಣ್ಣ, ಕಡ್ಡಿಯಂಥ ಮನುಷ್ಯ, ವಿನಯದಿಂದ ತನ್ನ ಕಾಲುಗಳನ್ನೇ ನೋಡಿಕೊಂಡ.

‘ಆಗೂದಿಲ್ಲ’ ಎಂಬ ಮಾತು ಬಸಗೊಂಡಪ್ಪನ ಕಿವಿಗೆ ಬೀಳಬಾರದು. ಊಟದ ಪಂಕ್ತಿಗಳಲ್ಲಿ ಬಡಿಸುವವರು ‘ಇನ್ನ ನಿಮ್ಮ ಕೈಲೆ ಆಗೂದಿಲ್ಲ ಬಿಡ್ರಿ’ ಅಂದು ಅಂದೇ ಅವನು ಈ ಗಾತ್ರಕ್ಕೆ ಬಂದಿದ್ದ.

“ಸಾವ್ಕಾರ್ರ, ನಾಳೆ ನೀವು ಸೊಲ್ಲಾಪುರಕ್ಕ ಹೊಂಟೀರಿ. ಮೂರು ದಿನ ಅಂಗಡಿ ಬಂದ್. ನೀವು ಹೊಳ್ಳಿ ಬರೂದ್ರಾಗ ನಾ ತಿಕೋಟಾ ಮುಟ್ಟಿ, ಅಲ್ಲಿಂದ ಬಬಲೇಶ್ವರ ಮುಟ್ಟಿ, ನಡಕೋಂತ ಬಂದು ಇಲ್ಲೇ ನಿಂತಿರ್ತೀನಿ. ನಿಂತಿದ್ರ ಕೆಲಸ ನನಗ ಕೊಡ್ರಿ.”

“ನಡದೀರಿ ಅಂತ ಹೇಳಾವ್ರು ಯಾರ್ರಿ?” ಎಂದ ಸಂಗಣ್ಣ.

“ಇಡೀ ತಿಕೋಟಾ ಹೇಳತೈತಿ. ಹೋಗಿ ಕೇಳು.”

ಸಾಹುಕಾರರು ನಕ್ಕು, ಆಗಲಿ ಎಂದರು.

ಸಂಜೆಯ ಹೊತ್ತಿಗೆ ಸುದ್ದಿ ಜೋರಾಪುರ ಪೇಟೆಯಲ್ಲೆಲ್ಲ ಹಬ್ಬಿತ್ತು. ಪಕ್ಕದ ಮನೆಯ ಗುರಲಿಂಗಪ್ಪ ಮಾಸ್ತರರು ತಮ್ಮ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ದಾರಿ ಬರೆದರು. ಪಿಂಚಣಿ ಬಂದ ಮೇಲೆ ಅವರು ಆ ಕಟ್ಟೆ ಬಿಟ್ಟು ಇಳಿದದ್ದೇ ಅಪರೂಪ.

“ಹೊತ್ತು ಮೂಡೂದ್ರಾಗ ಅಗಸಿ ದಾಟಬೇಕು. ಮಧ್ಯಾಹ್ನದ ಊಟ ತಿಕೋಟಾದಾಗ. ಮರುದಿನ ಬಬಲೇಶ್ವರ. ಮೂರನೇ ದಿನ ಮನಿ. ನಡುವ ಎಲ್ಲೂ ತಡಾ ಮಾಡೂ ಹಂಗಿಲ್ಲ ನೋಡು.”

ಒಬ್ಬರು ಅಂಗಾಲಿಗೆ ಹರಳೆಣ್ಣೆ ಹಚ್ಚಲು ಹೇಳಿದರು. ಇನ್ನೊಬ್ಬರು ಎಣ್ಣೆ ಹಚ್ಚಿದರೆ ಜಾರಿ ಬೀಳುತ್ತಾನೆ ಎಂದರು. ಹೆಂಡತಿ ರೇಣುಕವ್ವ ಬಾಗಿಲಿಗೆ ಬಂದು, “ಏನ್ರಿ, ಮೊದಲ ಅಟ್ಟ ಹತ್ತಿ ಬುತ್ತಿ ಡಬ್ಬಿ ಇಳಿಸಿ ಕೊಡ್ರಿ. ಆಮ್ಯಾಲ ತಿಕೋಟಾಕ್ಕ ಹೋಗೀರಂತ,” ಎಂದಳು.

ಅವನು ಅಟ್ಟ ಹತ್ತಿ ಡಬ್ಬಿ ಇಳಿಸಿಕೊಟ್ಟ. ಬೆವರು ಆರುವವರೆಗೆ ಗೋಡೆಗೊರಗಿ ಗಾಳಿ ಬೀಸಿಕೊಳ್ಳುತ್ತ ಕೂತ.

ಮರುದಿನ ನಸುಕಿನಲ್ಲಿ ರೊಟ್ಟಿ ಡಬ್ಬಿಯ ಗಂಟು ಹೆಗಲಿಗೇರಿಸಿ ಹೊರಬಿದ್ದಾಗ ಎದುರುಮನೆಯ ಶಂಕ್ರೆವ್ವ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದಳು.

“ಯಪ್ಪಾ, ನೀ ಹೆಂಗೂ ನಡಕೋಂತ ಹೊಂಟಿ. ನಮ್ಮ ಚಂದ್ರಿನ್ನೂ ಹೊಡಕೊಂಡು ಹೋಗು. ತಿಕೋಟಾದಾಗ ನನ್ನ ಮಗಳು ಕಾಳವ್ವ ಬಸರಿ ಅದಾಳ. ಮನ್ಯಾಗ ಹಾಲು ಹೈನ ಇಲ್ಲ.”

ಬಸಗೊಂಡಪ್ಪ ಎಮ್ಮೆಯನ್ನು ನೋಡಿದ. ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದನೋ ಏನೋ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ಮಾಸ್ತರರು, “ಬ್ಯಾಡ ಶಂಕ್ರೆವ್ವ, ಎಮ್ಮಿ ಕಟಗೊಂಡು ಹೊತ್ತಿಗೆ ಮುಟ್ಟೂದು ಇವನ ಕೈಲೆ ಆಗೂದಿಲ್ಲ,” ಎಂದುಬಿಟ್ಟರು.

“ಹಗ್ಗ ಇತ್ತ ಕೊಡಬೇ,” ಎಂದ ಬಸಗೊಂಡಪ್ಪ.

ಅವನಿಗಿದ್ದ ಅವಸರ ಚಂದ್ರಿಗೆ ಇರಲಿಲ್ಲ. ಊರಬಾಗಿಲ ಅಗಸಿಯ ಹತ್ತಿರ ನಿಂತು ಊರನ್ನು ಇನ್ನೊಮ್ಮೆ ನೋಡಿತು. ದಾರಿಯ ಪಕ್ಕದ ಜೋಳಕ್ಕೆ ಬಾಯಿ ಹಾಕಿತು. ಹೊಲದವನು ಬೈದದ್ದು ಎಮ್ಮೆಯನ್ನಲ್ಲ, ಬಸಗೊಂಡಪ್ಪನನ್ನು. ಅವನು ಹಿಂದಿನಿಂದ ಎರಡೂ ಕೈಯಿಂದ ತಳ್ಳಿದರೆ ಅದು ತಳ್ಳಿಸಿಕೊಳ್ಳುತ್ತ ಸುಖವಾಗಿ ನಿಂತುಕೊಳ್ಳುತ್ತಿತ್ತು. ಬೆಳಗಿನಿಂದ ಅವನು ಅದರ ಬಾಲದ ಕಡೆಯನ್ನು ನೋಡಿದ್ದೇ ನೋಡಿದ್ದು.

ಬಿಸಿಲೇರುವ ಹೊತ್ತಿಗೆ ಒಂದು ಹಳ್ಳ ಬಂತು. ಮಡುವಿನ ಕೆಸರಿನಲ್ಲಿ ಒಂದು ಹಿಂಡು ಎಮ್ಮೆ ಮಲಗಿದ್ದವು. ಚಂದ್ರಿ ಹಗ್ಗ ಕಿತ್ತುಕೊಂಡು, ತವರಿಗೆ ಬಂದವಳಂತೆ ಅವುಗಳ ನಡುವೆ ನುಗ್ಗಿ ಕುತ್ತಿಗೆಯವರೆಗೆ ಮುಳುಗಿತು.

ಬಸಗೊಂಡಪ್ಪ ದಡದಲ್ಲಿ ನಿಂತು ಕರೆದ. ಬೈದ. ರೊಟ್ಟಿ ತೋರಿಸಿದ. ಯಾವ ಎಮ್ಮೆಯೂ ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ರೊಟ್ಟಿಯನ್ನು ತಾನೇ ತಿಂದ. ಸೂರ್ಯ ನೆತ್ತಿಗೆ ಬಂದ.

ದಾರಿಯಲ್ಲಿ ಹೋಗುತ್ತಿದ್ದ ಚಕ್ಕಡಿಯವನು ನಿಲ್ಲಿಸಿ, “ಬಿಸಲು ಇಳಿಯೂತನಕ ಅದು ಏಳೂದಿಲ್ರಿ. ನೀವು ಗಾಡಿ ಹತ್ರಿ, ತಿಕೋಟಾಕ್ಕ ಬಿಡ್ತೇನಿ,” ಎಂದ.

ಬಸಗೊಂಡಪ್ಪ ಕಚ್ಚೆ ಬಿಗಿದು ಮಡುವಿಗಿಳಿದ. ಎರಡು ಸಲ ಮುಳುಗಿದ. ಮೂರನೆಯ ಸಲ ಎದ್ದಾಗ ಅವನ ಕೈಯಲ್ಲಿ ಒಂದು ಕೋಡು ಇತ್ತು. ಕೋಡಿನ ಹಿಂದೆ ಎಮ್ಮೆಯೂ ಇತ್ತು. ದಡಕ್ಕೆ ಬಂದಾಗ ಇಬ್ಬರೂ ಒಂದೇ ಬಣ್ಣ.

ಆಮೇಲೆ ಎಮ್ಮೆ ಸೋಜಿಗವೆನಿಸುವಷ್ಟು ನೆಟ್ಟಗೆ ನಡೆಯಿತು. ಜೋಳ ಮುಟ್ಟಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. “ಹಿಂಗ ದಾರೀಗೆ ಬರಬೇಕು,” ಎಂದು ಬಸಗೊಂಡಪ್ಪ ಅದರ ಬೆನ್ನು ತಟ್ಟಿದ.

ಹೊತ್ತು ಇಳಿಯುವಾಗ ತಿಕೋಟಾ ಬಂತು. ಕಾಲು ಬಾತಿದ್ದವು, ಎದೆ ಉಬ್ಬಿತ್ತು. ಸಾಕ್ಷಿಗೆ ಜನ ಬೇಕಲ್ಲ, ಪೇಟೆಯಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ, “ನಾ ಬಸಗೊಂಡಪ್ಪ ಅಂತ. ವಿಜಾಪುರದಾಂವ. ಈ ಎಮ್ಮಿ ಕಟಗೊಂಡು ನಡಕೋಂತ ಬಂದೇನಿ. ಹೆಸರು ನೆನಪಿಡ್ರಿ,” ಎಂದ. ತಿಕೋಟಾದವರು ನೆನಪಿಟ್ಟುಕೊಂಡರು.

ಕಾಳವ್ವ ಸಂಭ್ರಮದಿಂದ ಅರಿಸಿನ ಕುಂಕುಮ ಹಿಡಿದು ಬಂದಳು. ಎಮ್ಮೆಯ ಹಣೆಯ ಮೇಲಿನ ಕೆಸರಿಗೆ ಒಂದು ತಂಬಿಗೆ ನೀರು ಸುರಿದಳು. ಇನ್ನೊಂದು ತಂಬಿಗೆ ಸುರಿದು ಉಜ್ಜಿದಳು. ಮತ್ತೆ ಉಜ್ಜಿದಳು.

“ಕಾಕಾ, ನಮ್ಮ ಚಂದ್ರೀ ಹಣೀಮ್ಯಾಲ ಬಿಳೀ ಬೊಟ್ಟು ಐತಿ. ಇದು ಪೂರಾ ಕರೇದು.”

“ಬಿಸಲಿಗೆ ಕರ್ರಗಾಗೇತಿ,” ಎಂದ ಬಸಗೊಂಡಪ್ಪ. ತಾನೂ ಒಂದು ತಂಬಿಗೆ ಸುರಿದು ಉಜ್ಜಿ ನೋಡಿದ.

ಆಗಲೇ ಓಣಿಯ ತುದಿಯಲ್ಲಿ ಗದ್ದಲ ಎದ್ದಿತು. ಹಳ್ಳದ ದಂಡೆಯ ಊರಿನ ಪೀರಾಂಬಿ ಕೋಲು ಹಿಡಿದು, ಗೊರಸಿನ ಗುರುತು ನೋಡುತ್ತ ಬಂದುಬಿಟ್ಟಿದ್ದಳು. ಎಮ್ಮೆ ಅವಳನ್ನು ಕಂಡು ಪ್ರೀತಿಯಿಂದ ಒದರಿತು. ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

“ನನ್ನ ಎಮ್ಮಿ ಕದ್ದಾಂವ ಯಾರು? ಏನವನ ಹೆಸರು?” ಎಂದಳು ಪೀರಾಂಬಿ.

“ಬಸಗೊಂಡಪ್ಪ. ವಿಜಾಪುರದಾಂವ,” ಎಂದಿತು ತಿಕೋಟಾ ಒಂದೇ ಬಾಯಿಂದ.

“ಕದ್ದಿಲ್ಲಬೇ, ತಪ್ಪಿ ತಂದೇನಿ. ನಮ್ಮ ಚಂದ್ರಿ ನಿಮ್ಮ ಹಳ್ಳದಾಗ ಐತಿ.”

“ಹಳ್ಳದಾಗ ಇಲ್ಲ. ನನ್ನ ಹಿತ್ತಲದಾಗ ನಿಂತು ನನ್ನ ಜೋಳದ ಕಣಿಕಿ ತಿನ್ನಾಕತ್ತೈತಿ. ನಾಳೆ ಇದನ್ನ ಹೊಡಕೊಂಡು ಬಂದು ಕಟ್ಟು, ಅದನ್ನ ಬಿಚಗೊಂಡು ಹೋಗು.”

ಎರಡನೆಯ ದಿನವೆಲ್ಲ ಅದರಲ್ಲೇ ಹೋಯಿತು. ಕೋಲು ಹಿಡಿದ ಪೀರಾಂಬಿಯ ಮುಂದೆ ಅವಳ ಎಮ್ಮೆ ಹೊಡೆದುಕೊಂಡು ಹಳ್ಳಕ್ಕೆ; ಚಂದ್ರಿಯನ್ನು ತಳ್ಳಿಕೊಂಡು ಮತ್ತೆ ತಿಕೋಟಾಕ್ಕೆ. ಮೂರನೆಯ ದಿನ ಬೆಳಗ್ಗೆ ಬಸಗೊಂಡಪ್ಪ ಬಬಲೇಶ್ವರದ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಕುಂಟುತ್ತ ವಿಜಾಪುರದ ದಾರಿ ಹಿಡಿದ.

ಆ ದಿನವೇ ಇದ್ದಿಲ ಬಸ್ಸು ಮನಸ್ಸು ಮಾಡಿ ಓಡಿತ್ತು. ಸುದ್ದಿ ಅದರಲ್ಲಿ ಕೂತು ಅವನಿಗಿಂತ ಮೊದಲೇ ಊರು ಸೇರಿತ್ತು. ರೇಣುಕವ್ವ ಅವನನ್ನು ಒಳಗೆಳೆದು ಕದ ಹಾಕಿದಳು.

“ತಿಕೋಟಾದಾಗ ಯಾವನೋ ಬಸಗೊಂಡಪ್ಪ ಎಮ್ಮಿ ಕದ್ದಾನಂತ ಊರೆಲ್ಲ ಮಾತಾಡಾಕತ್ತೈತಿ. ನೀವು ಅರ್ಧಾ ದಾರ್‍ಯಾಗ ಹೊಳ್ಳಿ ಬಂದ್ರಿ, ಮನ್ಯಾಗ ಮಲಗಿದ್ರಿ ಅಂತ ಹೇಳ್ತೀನಿ. ಮರ್ಯಾದಿ ಉಳಿತೈತಿ.”

ಬಸಗೊಂಡಪ್ಪ ನೀರು ಕುಡಿದ. ಕದ ತೆಗೆದ. ಮೈಮೇಲಿನ ಕೆಸರು ಕೂಡ ತೊಳೆಯದೆ ಸ್ಟೇಷನ್ ರಸ್ತೆಗೆ ನಡೆದ.

ಸಾಹುಕಾರರು ಆಗಷ್ಟೇ ಸೊಲ್ಲಾಪುರದಿಂದ ಬಂದು ಗಾದಿಯ ಮೇಲೆ ಕೂತಿದ್ದರು. ಸಂಗಣ್ಣ ಅವರಿಗೆ ಎಲ್ಲ ಹೇಳಿ ಮುಗಿಸಿದ್ದ.

“ಆ ಎಮ್ಮಿ ಕಳ್ಳ ನೀ ಅಲ್ಲ, ಹೌದಲ್ಲ?” ಎಂದರು ಸಾಹುಕಾರರು.

“ಇವರು ಅಲ್ರಿ,” ಎಂದ ಸಂಗಣ್ಣ ಬಹಳ ಮೆತ್ತಗೆ. “ಇವರು ತಿಕೋಟಾತನಕ ಎಲ್ಲಿ ನಡೀತಾರ್ರಿ?”

“ನಾನ ಹೌದ್ರಿ,” ಎಂದ ಬಸಗೊಂಡಪ್ಪ. “ತಿಕೋಟಾಕ್ಕ ಒಂದು ಸಲ ಅಲ್ಲ, ಎರಡು ಸಲ ಹೋಗೇನಿ. ಬಬಲೇಶ್ವರ ಮುಟ್ಟಿಲ್ಲ, ಖರೆ. ಆದ್ರ ಎಮ್ಮಿ ಹಿಂದ ತಿರಗಿದ್ದೆಲ್ಲಾ ಕೂಡಿಸಿದ್ರ ಬಬಲೇಶ್ವರ ದಾಟಿ ಎಲ್ಲೋ ಹೋಗಿರ್ತೀನಿ. ಕಳ್ಳ ಅಂತೀರಿ, ಅನ್ರಿ. ನಡಿಯೂದು ಆಗೂದಿಲ್ಲ ಅಂತ ಮಾತ್ರ ಅನಬ್ಯಾಡ್ರಿ.”

ಸಾಹುಕಾರರು ಅವನ ಬಾತ ಕಾಲುಗಳನ್ನು ನೋಡಿದರು. ಆಮೇಲೆ ತಲೆಯ ರುಮಾಲು ಜಾರುವವರೆಗೆ ನಕ್ಕರು.

“ಖರೀದಿ ಕೆಲಸ ನಿಂದ ತಗೊ. ಎಮ್ಮಿ ಜೋಡಿ ಇಷ್ಟು ಹೆಣಗಾಡಿದಾಂವ ರೈತರ ಜೋಡಿ ಹೆಣಗಾಡ್ಯಾನು.”

ಸಂಗಣ್ಣನ ಮುಖ ಸಣ್ಣದಾಯಿತು. ಬಸಗೊಂಡಪ್ಪನ ಕಣ್ಣು ತುಂಬಿ ಬಂತು.

“ಇನ್ನ ನಿನ್ನ ಕಾಲಿಗೆ ತ್ರಾಸಿಲ್ಲ,” ಎನ್ನುತ್ತ ಸಾಹುಕಾರರು ಮೂಲೆಯಲ್ಲಿದ್ದ ಗೋಣಿತಟ್ಟಿನ ಮುಸುಕು ಎಳೆದರು. ಒಳಗೆ ಕರಿಯ ಸೈಕಲ್ಲೊಂದು ಮಿಂಚುತ್ತಿತ್ತು. “ಸೊಲ್ಲಾಪುರದಾಗ ಸಿಕ್ತು. ನಡಕೋಂತ ತಿರಗಿದ್ರ ಸುಗ್ಗಿ ಮುಗದು ಹೋಗತೈತಿ. ನಾಳೆ ಮುಂಜಾನೆ ಇದರ ಮ್ಯಾಲ ಬಬಲೇಶ್ವರಕ್ಕ ಹೋಗಿ, ಸಂಜೀಕ ಹೊಳ್ಳಿ ಬಾ.”

ಬಸಗೊಂಡಪ್ಪ ಹುಟ್ಟಿದಾಗಿನಿಂದ ಸೈಕಲ್ ಹತ್ತಿದವನಲ್ಲ. ಸಂಗಣ್ಣನ ಮುಖ ಮೆಲ್ಲಗೆ ಮತ್ತೆ ಅರಳಿತು.

“ಸೈಕಲ್ಲು ಬರತೈತೇನ್ರಿ ನಿಮಗ?” ಎಂದ ಅವನು.

“ನಿನಗ ಬರೂವಷ್ಟು ಬರತೈತಿ,” ಎಂದು ಬಸಗೊಂಡಪ್ಪ ಹ್ಯಾಂಡಲ್ ಹಿಡಿದು ಹೊರಗೆ ತಂದ.

ಮರುದಿನ ಮುಂಜಾನೆ ಜೋರಾಪುರ ಪೇಟೆ ಬಾಗಿಲಲ್ಲಿ ನಿಂತು ನೋಡಿತು. ಬಸಗೊಂಡಪ್ಪ ಸೈಕಲ್ಲಿನ ಪಕ್ಕದಲ್ಲಿ ನಡೆಯುತ್ತಿದ್ದ. “ಊರಾಗ ಮಂದಿ ಭಾಳ. ಅಗಸಿ ದಾಟಿ ಹತ್ತತೇನ್ರಿ,” ಎಂದು ಮಾಸ್ತರರಿಗೆ ಹೇಳಿದ.

ದೀಪ ಹಚ್ಚುವ ಹೊತ್ತಿಗೆ, ವಿಜಾಪುರಕ್ಕೆ ಮರಳಿರಬೇಕಾದವನು, ಬಬಲೇಶ್ವರದ ಮೊದಲ ಮನೆಗಳ ಹತ್ತಿರ ಇನ್ನೂ ಹಾಗೆಯೇ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಕನಿಕರದಿಂದ ಕೇಳಿದ: “ಹತಗೊಂಡು ಬರಬಾರದೇನ್ರಿ?”

“ಕಾಲು ಗಟ್ಟಿ ಇದ್ದಾಂವ ಯಾಕ ಹತ್ತಬೇಕ್ರಿ?” ಎಂದು ಬಸಗೊಂಡಪ್ಪ ತಲೆ ಎತ್ತಿ ಮುಂದೆ ನಡೆದ.