ಮಾವನ ಒಂಟಿಗೈ ಕ್ಲ್ಯಾಂಪು

ನಮ್ಮ ಸೋದರಮಾವನಷ್ಟು ಸೋಮಾರಿ ಮನುಷ್ಯ ರಾಜಾಜಿನಗರದ ಅಷ್ಟೂ ಬ್ಲಾಕುಗಳನ್ನು ಜಾಲಾಡಿದರೂ ಸಿಗಲಿಕ್ಕಿಲ್ಲ. ಸೋಮಾರಿ ಎಂದರೆ ಸದಾ ಮಲಗಿಕೊಂಡಿರುವವರು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಅದು ಸಾಧಾರಣ ಸೋಮಾರಿತನ, ಯಾರು ಬೇಕಾದರೂ ಮಾಡಬಹುದು! ನಮ್ಮ ಮಾವನದು ದುಡಿದು ಸಂಪಾದಿಸಿದ ಸೋಮಾರಿತನ. ಎದ್ದು ಹೋಗಿ ಗೇಟು ಮುಚ್ಚುವ ಕಷ್ಟ ತಪ್ಪಲಿ ಎಂದು ಅವರು ಮೂರು ಭಾನುವಾರ ಬಿಸಿಲಲ್ಲಿ ನಿಂತು ಗೇಟಿಗೆ ರಾಟೆ, ಹಗ್ಗ, ಗುಂಡುಕಲ್ಲು ಕಟ್ಟಿದರು. ಗೇಟು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ನಿಜ. ಆದರೆ ಎಂಥ ರಭಸ! ಒಂದು ಸಲ ಬೆನ್ನಿಗೆ ಬಡಿಸಿಕೊಂಡ ಹಾಲಿನವನು ಮತ್ತೆ ಒಳಗೆ ಕಾಲಿಡಲಿಲ್ಲ. ಕಾಂಪೌಂಡಿನ ಆಚೆಯಿಂದಲೇ ಹಾಲು ಅಳೆದು ಕೊಡುತ್ತಿದ್ದ.

ಇದು ಎಂಬತ್ತರ ದಶಕದ ಮಾತು. ಬಸವೇಶ್ವರನಗರದಲ್ಲಿ ಆಗ ಮನೆಗಳ ನಡುವೆ ಖಾಲಿ ಸೈಟುಗಳು ಬೇಕಾದಷ್ಟಿದ್ದವು. ಮಾವ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುವ ಟರ್ನರ್. ಮನೆಯ ಮುಂದಿನ ಪೋರ್ಷನ್ನಿನಲ್ಲಿ ಮಾವ, ಅತ್ತೆ. ಹಿಂದಿನ ಪೋರ್ಷನ್ ಒಬ್ಬರು ಮೇಷ್ಟ್ರಿಗೆ ಬಾಡಿಗೆಗೆ. ಎರಡರ ಮಧ್ಯೆ ತಗಡಿನ ಸೂರಿನ ಒಂದು ಕೋಣೆ, ಅದರಲ್ಲಿ ಮಾವನ ಸಾಮ್ರಾಜ್ಯ: ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ವೈಸು, ಕರೆಂಟಿನ ಒಂದು ಹಳೆಯ ಹ್ಯಾಂಡ್ ಡ್ರಿಲ್ಲು, ಎಲ್ಲಿಂದಲೋ ಆರಿಸಿ ತಂದ ಕಬ್ಬಿಣದ ಚೂರುಗಳು. ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ಒಂದು ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದೆ. ನಮ್ಮ ಮನೆ ಕೆಂಗೇರಿಯಲ್ಲಿ. ದಿನಾ ಓಡಾಡುವುದು ಕಷ್ಟವೆಂದು ಮಾವನ ಮನೆಯಲ್ಲೇ ಇದ್ದೆ.

ಮಾವನಿಗೆ ಪ್ರಪಂಚದಲ್ಲಿ ಒಬ್ಬನೇ ಒಬ್ಬ ವೈರಿ: ಡ್ರಿಲ್ಲಿನ ಕೀ. ಡ್ರಿಲ್ಲಿನ ಮೂತಿಗೆ ಬಿಟ್ಟು, ಅಂದರೆ ತೂತು ಕೊರೆಯುವ ಸರಳು, ಸಿಕ್ಕಿಸಿ ಬಿಗಿಯಬೇಕಾದರೆ ಒಂದು ಪುಟ್ಟ ಹಲ್ಲಿನ ಕೀ ಬೇಕು. ಬಿಚ್ಚಬೇಕಾದರೂ ಅದೇ ಕೀ. ಕೆಲಸ ಅರ್ಧ ನಿಮಿಷದ್ದು, ಕೀ ಹುಡುಕುವುದು ಅರ್ಧ ದಿನದ್ದು! ಕೀ ಕಳೆಯದಿರಲೆಂದು ಎಲ್ಲ ಶೆಡ್ಡುಗಳಲ್ಲೂ ಅದನ್ನು ಟ್ವೈನು ದಾರದಲ್ಲಿ ಡ್ರಿಲ್ಲಿನ ಕರೆಂಟು ವಯರಿಗೆ ಕಟ್ಟುತ್ತಾರೆ. ಮಾವನ ಮನೆಯಲ್ಲಿ ದಾರ ಇರುತ್ತಿತ್ತು, ಕೀ ಇರುತ್ತಿರಲಿಲ್ಲ. ಕೊನೆಗೆ ಅತ್ತೆ ಅದನ್ನು ಬೀರುವಿನ ಕೀಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂದಿನಿಂದ ಮಾವ ಒಂದು ತೂತು ಕೊರೆಯಬೇಕಾದರೂ ಅಡುಗೆಮನೆಯ ಬಾಗಿಲಲ್ಲಿ ಅರ್ಜಿ ಹಾಕಿಕೊಳ್ಳಬೇಕಾಯಿತು.

"ಕೀ ಕೊಡೇ ಸ್ವಲ್ಪ."

"ಮೊದ್ಲು ತೆಂಗಿನಕಾಯಿ ಸುಲಿದು ಕೊಡಿ. ಆಮೇಲೆ ಕೀ."

ಮಾವ ಗೊಣಗುತ್ತಾ ಸುಲಿಯುತ್ತಿದ್ದರು. ಸ್ವತಂತ್ರ ಭಾರತದಲ್ಲಿ ಒಬ್ಬ ಟರ್ನರ್‌ಗೆ ಇಂಥ ಗತಿಯೇ!

ಆ ವರ್ಷ ಯುಗಾದಿ ಕಳೆದ ಮೇಲೆ ನನ್ನ ಎಡಗೈ ಶೆಡ್ಡಿನ ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿತು. ಎರಡು ಬೆರಳು ಹೋದವು. ಹೆಬ್ಬೆರಳು ಬಿಟ್ಟರೆ ಇನ್ನೆರಡು ಉಳಿದವು, ಆದರೆ ಮಡಿಸಲು ಬಾರದು. ದೊಡ್ಡವರ ಮನೆಯ ನೆಂಟರ ಹಾಗೆ ಬಿಗಿದುಕೊಂಡು ಕೂತಿರುತ್ತವೆ, ಯಾವ ಕೆಲಸಕ್ಕೂ ಬರುವುದಿಲ್ಲ. ಗಾಯ ಮಾಗಿ ಕೆಲಸಕ್ಕೆ ಮರಳಿದಾಗ ಗೊತ್ತಾಯಿತು. ನಮ್ಮ ಕೆಲಸದಲ್ಲಿ ತೂತು ಕೊರೆಯುವ ಬಿಟ್ಟು, ತುಕ್ಕು ತಿಕ್ಕುವ ತಂತಿ ಬ್ರಷ್ಷು, ಅಂಚು ಉಜ್ಜುವ ಚಕ್ರ ಎಂದು ಡ್ರಿಲ್ಲಿಗೆ ದಿನಕ್ಕೆ ನಲವತ್ತು ಸಲ ಬೇರೆ ಬೇರೆ ತೊಡಿಸಬೇಕು. ಎಡಗೈಯಲ್ಲಿ ಮೂತಿ ಹಿಡಿದು, ಬಲಗೈಯಲ್ಲಿ ಕೀ ತಿರುಗಿಸಬೇಕು. ನನಗೆ ಹಿಡಿಯಲು ಆಗುತ್ತಿರಲಿಲ್ಲ. ನಲವತ್ತು ಸಲವೂ ಪಕ್ಕದವರನ್ನು ಕರೆಯಬೇಕಾಗುತ್ತಿತ್ತು.

ಓನರ್ ಕೆಟ್ಟವರಲ್ಲ. "ನೋಡಪ್ಪಾ, ಆಯುಧಪೂಜೆ ತನಕ ನೋಡೋಣ. ಆಗ್ಲಿಲ್ಲ ಅಂದ್ರೆ ಗೇಟ್ ಹತ್ರ ಒಂದು ಸ್ಟೂಲ್ ಹಾಕಿಸ್ತೀನಿ. ಬರೋರು ಹೋಗೋರನ್ನ ನೋಡ್ಕೊಂಡು ಕೂತ್ಕೊ. ಸಂಬಳ ಏನೂ ಕಮ್ಮಿ ಮಾಡಲ್ಲ," ಎಂದರು. ನನಗೆ ಇಪ್ಪತ್ತನಾಲ್ಕು ವರ್ಷ. ಕೆಲಸ ಕಲಿತ ಕೈ. ಇನ್ನು ಮೂವತ್ತೈದು ವರ್ಷ ಸ್ಟೂಲಿನ ಮೇಲೆ ಕೂತು ಲಾರಿ ಎಣಿಸುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಮಾವನಿಗೆ ವಿಷಯ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ. "ನಾನು ಮೊದ್ಲಿಂದ ಹೇಳ್ತಾನೇ ಇದೀನಿ, ಆ ಕೀನೇ ದರಿದ್ರ ಅಂತ. ಬಿಟ್ಟು ಹಿಡ್ಕೊಳ್ಳೋಕೆ ಕೀ ಇಲ್ಲದ ಕ್ಲ್ಯಾಂಪು ಮಾಡ್ತೀನಿ ಕಣೋ. ಟಕ್ ಅಂತ ಕೂತ್ಕೋಬೇಕು, ಟಕ್ ಅಂತ ಬಿಟ್ಕೋಬೇಕು. ಒಂದೇ ಕೈ ಸಾಕು," ಎಂದು ತಗಡಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ವರ್ಷದ ಮಳೆಗಾಲ ನಮ್ಮ ಬೀದಿಗೆ ಮರೆಯಲಾಗದ್ದು. ಕ್ಲ್ಯಾಂಪಿಗೆ ಬೇಕಾದ ಉಪಾಯ ಛತ್ರಿಯಲ್ಲಿದೆ ಎಂದು ಮಾವನಿಗೆ ಹೊಳೆದುಬಿಟ್ಟಿತು. ಛತ್ರಿ ಬಿಡಿಸಿದರೆ ಟಕ್ಕನೆ ನಿಲ್ಲುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಸರ್ರನೆ ಇಳಿಯುತ್ತದೆ, ಎಲ್ಲ ಒಂದೇ ಕೈಯಲ್ಲಿ! ಅದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಕೈಮುಗಿದು, ಮಾವ ಮನೆಯ ಮೂರು ಛತ್ರಿಗಳನ್ನೂ ಬಿಚ್ಚಿ ಹರಡಿದರು. ನಾಲ್ಕನೆಯದು ಹಿಂದಿನ ಪೋರ್ಷನ್ನಿನ ಮೇಷ್ಟ್ರದು. ಪಾಪ, ಅವರು ಜಗಲಿಯಲ್ಲಿ ಛತ್ರಿ ಒಣಗಲು ಇಟ್ಟು ಅತ್ತೆ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡುವಷ್ಟರಲ್ಲಿ ಛತ್ರಿ ಬರೀ ಬಟ್ಟೆಯಾಗಿತ್ತು.

"ಏನ್ ಸ್ವಾಮಿ ಇದು? ಮಳೆ ಬರ್ತಾ ಇದೆ, ಸ್ಕೂಲಿಗೆ ಹೋಗೋದು ಹೇಗೆ?"

"ಹೊದ್ಕೊಂಡು ಹೋಗಿ ಮೇಷ್ಟ್ರೇ. ಕಡ್ಡಿ ಭಾರ ಇಲ್ಲ, ಹಗುರವಾಗಿದೆ!"

ಮೇಷ್ಟ್ರು ಅಂದು ಛತ್ರಿಯ ಬಟ್ಟೆಯನ್ನು ತಲೆಗೆ ಹೊದ್ದುಕೊಂಡೇ ಹೋದರು. ಮಕ್ಕಳು ಅವರನ್ನು ಎಷ್ಟು ದಿನ ಆಡಿಕೊಂಡರೋ ನನಗೆ ತಿಳಿಯದು.

ಶ್ರಾವಣದ ಹೊತ್ತಿಗೆ ಕ್ಲ್ಯಾಂಪು ಒಂದು ರೂಪಕ್ಕೆ ಬಂತು. ಡ್ರಿಲ್ಲಿನ ಮೂತಿಯ ಜಾಗದಲ್ಲಿ ತಿರುಪಿ ಕೂರಿಸುವ ಹೆಬ್ಬೆರಳು ಗಾತ್ರದ ಉಕ್ಕಿನ ಕೊಳವೆ, ಅದರ ಮೇಲೆ ಹಿಂದೆ ಮುಂದೆ ಜಾರುವ ಒಂದು ಬಳೆ, ಒಳಗೆ ಸ್ಪ್ರಿಂಗು ಮತ್ತು ಸೈಕಲ್ಲಿನ ನಾಲ್ಕು ಬೇರಿಂಗು ಗುಂಡುಗಳು. ಬಿಟ್ಟಿನ ಬುಡದ ಸುತ್ತ ನಾಲ್ಕು ಕುಳಿ ಕೊರೆದು ಒಳಕ್ಕೆ ತಳ್ಳಿದರೆ ಗುಂಡುಗಳು ಆ ಕುಳಿಗಳಲ್ಲಿ ಕೂತು ಹಿಡಿದುಕೊಳ್ಳುತ್ತವೆ. ಬಳೆ ಜಾರಿಸಿದರೆ ಬಿಡುತ್ತವೆ. ಅಷ್ಟೇ! ಆದರೆ ಮಾವನಿಗೆ ಅಷ್ಟೇ ಎನ್ನುವುದು ಗೊತ್ತಿದ್ದರಲ್ಲವೇ? ಅತ್ತೆಯ ಕಡಗೋಲಿಗೂ ಒಂದು ಉಕ್ಕಿನ ಬುಡ ಹಾಕಿ ಡ್ರಿಲ್ಲಿಗೆ ಸಿಕ್ಕಿಸಿ, ಮೊಸರಿನ ಪಾತ್ರೆಯಲ್ಲಿಟ್ಟು ಸ್ವಿಚ್ಚು ಒತ್ತಿದರು. ಬೆಣ್ಣೆ ಬಂತು. ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ, ಅತ್ತೆಯ ಹಣೆಯ ಮೇಲೆ, ಎಲ್ಲೆಲ್ಲೂ ಬಂತು.

"ನೋಡಿದ್ಯಾ, ಕಡಗೋಲು ಕಳಚ್ಕೊಳ್ಳಲಿಲ್ಲ!" ಎಂದು ಮಾವ ಹಿಗ್ಗಿದರು.

"ನಾನು ಕಳಚ್ಕೊಂಡು ತವರಿಗೆ ಹೋಗ್ತೀನಿ, ಆಗ ಗೊತ್ತಾಗುತ್ತೆ," ಎಂದರು ಅತ್ತೆ, ಹಣೆ ಒರೆಸಿಕೊಳ್ಳುತ್ತಾ.

ಇಲ್ಲಿಯವರೆಗೆ ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಆಮೇಲೆ ಶುರುವಾಯಿತು ಟವಲ್ಲಿನ ಕಥೆ.

ಒಂದು ಭಾನುವಾರ ಬೆಳಗ್ಗೆ ಮಾವ ಎಡಗೈಯನ್ನು ಹೊಟ್ಟೆಗೆ ಒತ್ತಿ, ಮೇಲೆ ಕೆಂಪು ಚೌಕಳಿ ಟವಲ್ಲು ಬಿಗಿದುಕೊಂಡು ಹೊರಬಂದರು. ಕೇಳಿದವರಿಗೆಲ್ಲ ಒಂದೊಂದು ಉತ್ತರ. ಮೇಷ್ಟ್ರಿಗೆ ಹರಕೆ ಎಂದರು, ಎದುರುಮನೆಯವರಿಗೆ ಭುಜ ಹಿಡಿದುಕೊಂಡಿದೆ ಎಂದರು, ಅತ್ತೆಗೆ ಫ್ಯಾಷನ್ ಎಂದರು. ಅಂದಿನಿಂದ ಕಾರ್ಖಾನೆಯಿಂದ ಬಂದೊಡನೆ ಟವಲ್ಲು ಕಟ್ಟಿಸಿಕೊಂಡರೆ ಮಲಗುವಾಗಲೇ ಬಿಚ್ಚುವುದು. ಊಟ, ಸ್ನಾನ, ಅಂಗಿಯ ಗುಂಡಿ ಎಲ್ಲ ಒಂದೇ ಕೈ. ಒಂದೇ ಕೈಯಲ್ಲಿ ಪಂಚೆ ಉಡುವುದನ್ನು ನೀವು ನೋಡಿದ್ದೀರಾ? ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ತುದಿ ಬಾಗಿಲ ಸಂದಿಯಲ್ಲಿ. ಮಾವ ಗಿರಗಿರನೆ ಸುತ್ತುತ್ತಾ ಬಾಗಿಲ ಕಡೆಗೆ ಬರುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಬಾಗಿಲು ತೆಗೆದರೆ ಮುಗಿಯಿತು!

ವಿಜಯನಗರದ ಮಾರುಕಟ್ಟೆಗೂ ಹಾಗೆಯೇ ಸೈಕಲ್ ಏರಿ ಹೊರಟರು. ನಾನು ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ. ನೆಟ್ಟಗೆ ಹೋಗಿ ಸೊಪ್ಪಿನಾಕೆಯ ಗುಡ್ಡೆಗೇ ನುಗ್ಗಿಸಿದರು.

"ಏನ್ ಯಜಮಾನ್ರೇ, ಕಣ್ಣು ಕಾಣಲ್ವಾ?"

"ಕಣ್ಣು ಕಾಣುತ್ತಮ್ಮ, ಕೈನೇ ಇಲ್ಲ," ಎಂದರು ಮಾವ ದೀನವಾಗಿ.

ಆಕೆ ಅಯ್ಯೋ ಪಾಪ ಎನ್ನುವಷ್ಟರಲ್ಲಿ ಟವಲ್ಲು ಸಡಿಲಾಗಿ ಎಡಗೈ ಸೊಂಪಾಗಿ ಹೊರಬಂತು. ಸುಳ್ಳಿನ ದಂಡವಾಗಿ ಆರು ಕಂತೆ ದಂಟಿನಸೊಪ್ಪು ಕೊಳ್ಳಬೇಕಾಯಿತು. ಮೂರು ದಿನ ಮನೆಯಲ್ಲಿ ದಂಟಿನ ಹುಳಿಯೇ ಹುಳಿ.

ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಸೈಕಲ್ ಇಳಿದೊಡನೆ ಜೇಬಿನೊಳಗೆ ಅಡಗಿಸಿದ್ದ ನನ್ನ ಎಡಗೈ ಉರಿಯಿತು. ಮನೆಗೆ ಬಂದು ಕೇಳಿಯೇಬಿಟ್ಟೆ.

"ಮಾವ, ನನ್ನ ಆಡ್ಕೊಳ್ತಾ ಇದೀರಾ?"

"ಆಡ್ಕೊಳ್ಳೋಕೆ ನಿನ್ನ ಕೈನೇ ಬೇಕೇನೋ? ನಿನ್ನ ಮೀಸೆ ಸಾಕು!"

ಹೀಗೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆ ವಯಸ್ಸಿನಲ್ಲಿ ಸಿಟ್ಟು ಬಂದಷ್ಟು ಬೇಗ ಬುದ್ಧಿ ಬರುವುದಿಲ್ಲ. ನಾನು ಮಾವನ ಜೊತೆ ಮಾತು ಬಿಟ್ಟೆ, ಅವರ ಪಂಕ್ತಿಯಲ್ಲಿ ಊಟ ಬಿಟ್ಟೆ. ಅವರು ತಗಡಿನ ಕೋಣೆಯಲ್ಲಿ ಏನೋ ಬೀಳಿಸಿಕೊಂಡು, ಹೆಕ್ಕಿಕೊಂಡು, ತಮಗೆ ತಾವೇ ಬೈದುಕೊಳ್ಳುವುದು ಕೇಳಿಸಿದರೂ ಆ ಕಡೆ ತಲೆಹಾಕಲಿಲ್ಲ.

ಆಯುಧಪೂಜೆ ಬಂತು. ಮಾವ ಕ್ಲ್ಯಾಂಪನ್ನು ದೇವರ ಮುಂದೆ ಇಟ್ಟರು. ಮಾರನೆಯ ದಿನ ವಿಜಯದಶಮಿ, ಹೊಸ ಕೆಲಸಕ್ಕೆ ಒಳ್ಳೆಯ ದಿನವೆಂದು ಓನರ್ ಕ್ಲ್ಯಾಂಪು ತೋರಿಸಲು ಶೆಡ್ಡಿಗೆ ಬರಹೇಳಿದ್ದರು. ಅತ್ತೆ ಎಂದೂ ಇಲ್ಲದ ಭಕ್ತಿಯಿಂದ ಪೂಜೆ ಮಾಡಿದರು. ಮನೆ ಮಗನ ಕೆಲಸ ಉಳಿಸುವ ಆಯುಧ ಎಂದು ಕ್ಲ್ಯಾಂಪಿಗೆ ಗಂಧ ಮೆತ್ತಿದರು, ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದರು, ದೃಷ್ಟಿಯಾಗದಿರಲೆಂದು ಮೇಲೆ ಇನ್ನಷ್ಟು ಮೆತ್ತಿದರು. ಪೂಜೆಗೆ ಕೂತ ಆಯುಧವನ್ನು ಮಾರನೆಯ ಬೆಳಗಿನ ಮರುಪೂಜೆಯವರೆಗೆ ಮುಟ್ಟಬಾರದು. ಮಾವ ಮುಟ್ಟಲಿಲ್ಲ. ಬೆಳಗ್ಗೆ ಎತ್ತಿ, ಮೇಲೆ ಮೇಲೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ನನಗಿಂತ ಮೊದಲೇ ಶೆಡ್ಡಿಗೆ ಬಂದು ನಿಂತಿದ್ದರು.

ಶೆಡ್ಡಿನಲ್ಲಿ ಹಿಂದಿನ ದಿನದ ಬಾಳೆಕಂದು, ಸೇವಂತಿಗೆ ಹಾರ, ಬೇಸಿನ್ನಿನ ತುಂಬ ಮಿಕ್ಕ ಕಡಲೆಪುರಿ. ಗೇಟಿನ ಪಕ್ಕ ಹೊಸ ಸ್ಟೂಲು ಬಂದು ಕೂತಿತ್ತು. ಅದಕ್ಕೆ ಬೆನ್ನು ಹಾಕಿ ನಿಂತೆ. ಓನರ್ ಒಂದು ಮುಷ್ಟಿ ಪುರಿ ಬಾಯಿಗೆ ಹಾಕಿಕೊಂಡು, "ತೋರ್ಸಪ್ಪಾ," ಎಂದರು. ನಾನು ಕ್ಲ್ಯಾಂಪನ್ನು ಡ್ರಿಲ್ಲಿಗೆ ತಿರುಪಿ ಕೂರಿಸಿ, ಮಾವ ಬುಡ ಕೊರೆದಿಟ್ಟಿದ್ದ ತಂತಿ ಬ್ರಷ್ಷನ್ನು ಅದಕ್ಕೆ ತಳ್ಳಿದೆ. ಟಕ್ ಎನ್ನಲಿಲ್ಲ. ಕೂತಿರಬಹುದು ಎಂದು ಸ್ವಿಚ್ಚು ಒತ್ತಿದೆ. ಬ್ರಷ್ಷು ಕಳಚಿ ಹಾರಿ ನೇರವಾಗಿ ಕಡಲೆಪುರಿಯ ಬೇಸಿನ್ನಿಗೆ ಬಿದ್ದು ಗಿರ್ರೆಂದು ಸುತ್ತಿತು. ಆಹಾ! ಮದುವೆಯ ಅಕ್ಷತೆ ಏನೂ ಅಲ್ಲ ಅದರ ಮುಂದೆ. ಓನರ್ ತಲೆ, ಹುಬ್ಬು, ಮೀಸೆ ಎಲ್ಲ ಪುರಿ. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ.

ಗುಂಡುಗಳ ಜಾಗದಲ್ಲೆಲ್ಲ ಅತ್ತೆಯ ಭಕ್ತಿ ಒಣಗಿ ಗಟ್ಟಿಯಾಗಿತ್ತು. ನಾನು ಮಾವನ ಕಡೆ ತಿರುಗಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಬಿಚ್ಚಿ ತೊಳಿ," ಎಂದರು.

"ಸ್ವಲ್ಪ ಹಿಡ್ಕೊಳ್ಳಿ ಮಾವ."

"ನಾನ್ಯಾಕೆ ಹಿಡ್ಕೋಬೇಕು? ಒಂದೇ ಕೈಲಿ ಬಿಚ್ಚಕ್ಕಾಗುತ್ತೆ. ಬುಡದಲ್ಲಿ ಒಂದು ಕಚ್ಚು ಇದೆ ನೋಡು, ಟೇಬಲ್ ಅಂಚಿಗೆ ಸಿಕ್ಸಿ ತಿರುಗ್ಸು."

ಸಿಕ್ಕಿಸಿ ತಿರುಗಿಸಿದೆ. ಬಳೆ ಹೊರಬಂತು. ಸ್ಪ್ರಿಂಗು ಹಾರಬಹುದೆಂದು ಹೆದರಿದೆ, ಹಾರಲಿಲ್ಲ. ಅದು ಹಾರದಂತೆ ಒಂದು ಪುಟ್ಟ ಕೊಂಡಿ ಇತ್ತು. ಗುಂಡುಗಳು ಉರುಳಲಿಲ್ಲ, ನಿಲ್ಲಲು ಒಂದು ತಗ್ಗಿತ್ತು. ನನ್ನ ಬಲಗೈ ಎಲ್ಲೆಲ್ಲಿ ತಡವರಿಸಬಹುದೋ ಅಲ್ಲೆಲ್ಲ ಯಾರೋ ಮೊದಲೇ ಬಂದು ತಡವರಿಸಿ, ದಾರಿ ಮಾಡಿಟ್ಟು ಹೋಗಿದ್ದರು.

"ಇದೆಲ್ಲಾ ಹೇಗೆ ಗೊತ್ತಾಯ್ತು ಮಾವ?"

ಮಾವ ನೆಲ ನೋಡುತ್ತಾ ಹೇಳಿದರು: "ಟವಲ್ ಯಾಕೆ ಕಟ್ಕೊಂಡಿದ್ದೆ ಅನ್ಕೊಂಡೆ? ಮೊದಲ್ನೇ ದಿನ ಬಿಚ್ಚಿ ಜೋಡಿಸೋಕೆ ಒಂದು ಗಂಟೆ ಆಯ್ತು ಕಣೋ. ಹಲ್ಲಲ್ಲಿ ಕಚ್ಚಿ ಎಳೆದಿದ್ದೆ. ನೀನು ಹಲ್ಲು ಹಾಕೋ ಹಾಗಾಗಬಾರ್ದು ಅಂತ ಆಮೇಲೆ ಆ ಕಚ್ಚು ಮಾಡ್ದೆ."

ತಲೆ ಬಗ್ಗಿಸಿ ಸೀಮೆಎಣ್ಣೆಯಲ್ಲಿ ಗುಂಡುಗಳನ್ನು ತೊಳೆದೆ, ಜೋಡಿಸಿದೆ, ಬ್ರಷ್ಷು ತಳ್ಳಿದೆ. ಟಕ್! ಓಡಿಸಿದೆ. ಬ್ರಷ್ಷು ಬಿಚ್ಚಿ ಕೊರೆಯುವ ಬಿಟ್ಟು ಹಾಕಿದೆ. ಟಕ್! ಚಕ್ರ ಹಾಕಿದೆ. ಟಕ್! ಓನರ್, "ಲೋ ಯಾರಲ್ಲಿ, ಆ ಸ್ಟೂಲ್ ತಗೊಂಬನ್ನಿ. ನಾನೇ ಕೂತ್ಕೋತೀನಿ," ಎಂದು ಅದರ ಮೇಲೆ ಕೂತು ಮೀಸೆಯಿಂದ ಪುರಿ ಹೆಕ್ಕತೊಡಗಿದರು.

ಆ ಸ್ಟೂಲಿಗೂ ನನಗೂ ಮತ್ತೆ ಸಂಬಂಧ ಬರಲಿಲ್ಲ. ನಿವೃತ್ತಿಯವರೆಗೂ ಬೆಂಚಿನ ಮುಂದೆಯೇ ದುಡಿದೆ. ಈಗ ಅಂಗಡಿಗಳಲ್ಲಿ ಕೀ ಇಲ್ಲದ ಕ್ಲ್ಯಾಂಪುಗಳು ಬೇಕಾದಷ್ಟು ಸಿಗುತ್ತವೆ. ಮೊನ್ನೆ ವಿಜಯನಗರದ ಒಬ್ಬ ಅಂಗಡಿಯವರು, "ಹೊಸ ಮಾಲು ಸಾರ್, ಟಕ್ ಅಂತ ಕೂತ್ಕೊಳ್ಳುತ್ತೆ," ಎಂದು ತೋರಿಸಿದರು. ತೊಡಿಸಲು ಅವರು ಎರಡು ಕೈ ಬಳಸಿದರು. ನಮ್ಮ ಮನೆಯಲ್ಲಿರುವುದು ಇದಕ್ಕಿಂತ ಹೊಸದು ಎಂದು ಹೇಳಿ ಬಂದೆ.

ಮಾವ ಹೋಗಿ ಬಹಳ ವರ್ಷವಾಯಿತು. ಆಯುಧಪೂಜೆಯ ದಿನ ನಾನು ಮಣೆಯ ಮೇಲೆ ಸ್ಪ್ಯಾನರು, ಸುತ್ತಿಗೆ, ಡ್ರಿಲ್ಲು, ಆ ಕ್ಲ್ಯಾಂಪು ಎಲ್ಲ ಜೋಡಿಸುತ್ತೇನೆ. ಕ್ಲ್ಯಾಂಪಿನ ಬಳಿ ಕುಂಕುಮ ಸುಳಿಯಲು ಬಿಡುವುದಿಲ್ಲ. ಒಂದು ಹೂವು ಸಾಕು. ಸಾಲಿನ ಕೊನೆಯಲ್ಲಿ ಬಣ್ಣ ಹೋದ ಒಂದು ಚೌಕಳಿ ಟವಲ್ಲನ್ನು ಮಡಿಸಿ ಇಡುತ್ತೇನೆ. ಹೋದ ವರ್ಷ ಮೊಮ್ಮಗಳು ಕೇಳಿದಳು: "ತಾತಾ, ಟವಲ್ಲೂ ಆಯುಧನಾ?"

ಹೌದು ಮಗಳೇ ಎಂದೆ. ಕುಂಕುಮವನ್ನು ಮೊದಲು ಅದಕ್ಕೇ ಇಟ್ಟೆ.