ತೊರೆಯನ್ನು ನಲವತ್ತು ಮೀಟರ್ ಸರಿಸಿಕೊಡುವ ಬಗ್ಗೆ

ಗ್ರುಂಡ್‌ಮಾಟ್ ಗ್ರಾಮದ ಅಧ್ಯಕ್ಷರೂ, ಹತ್ತು ವರ್ಷಗಳಿಂದ ಎದುರಾಳಿಯೇ ಇಲ್ಲದೆ ಆರಿಸಿ ಬರುತ್ತಿರುವವರೂ, ನನ್ನ ಅಂಗಡಿಯ ಅಕ್ರೋಟು ಬ್ರೆಡ್ಡಿನ ಖಾಯಂ ಗಿರಾಕಿಗಳೂ ಆದ ಶ್ರೀಮಾನ್ ಔಗುಸ್ತ್ ನೀಡರ್‌ಬೆರ್ಗರ್ ಅವರ ಸನ್ನಿಧಾನಕ್ಕೆ ಬೇಕರಿಯ ಮೆಲ್ಕ್ ಬೆಟ್ಷಾರ್ಟ್ ಹಿಟ್ಟಿನ ಕೈ ತೊಳೆದುಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಗುರುವಾರದ ಊರಸಭೆಯಲ್ಲಿ ಗ್ರಾಮದ ತೆರಿಗೆ ಏರಿಸುವ ನಿರ್ಣಯವನ್ನು ಗೆಲ್ಲಿಸಿಕೊಂಡ ತಮ್ಮ ಚಾಕಚಕ್ಯತೆಯನ್ನು ಮೊದಲು ಅಭಿನಂದಿಸದಿದ್ದರೆ ನನ್ನದೇ ತಪ್ಪಾಗುತ್ತದೆ. ಆ ನಿರ್ಣಯದ ದೆಸೆಯಿಂದ, ನನ್ನ ಅಜ್ಜ ಕಲ್ಲಿನಲ್ಲಿ ಕಟ್ಟಿದ ಒಲೆಯನ್ನು ಬಿಟ್ಟು ತೊರೆಯ ಆಚೆ ದಡದ ಎಗ್ಲಿ ಗ್ರಾಮಕ್ಕೆ ಗಂಟುಮೂಟೆ ಕಟ್ಟಬೇಕೋ ಬೇಡವೋ ಎಂಬುದನ್ನು ನಾನು ಈ ತಿಂಗಳೊಳಗೆ ತೀರ್ಮಾನಿಸಬೇಕಾಗಿದೆ. ಎಗ್ಲಿಯಲ್ಲಿ ತೆರಿಗೆ ನಮ್ಮದರ ಮೂರರಲ್ಲಿ ಎರಡು ಪಾಲು ಮಾತ್ರ ಎಂಬುದು ತಮಗೂ ತಿಳಿದ ವಿಷಯ.

ಹೆಚ್ಚಿನ ಹಣ ಯಾವುದಕ್ಕೆ ಬೇಕಾಯಿತು ಎಂದು ಕೇಳುವ ಸಣ್ಣತನ ನನ್ನದಲ್ಲ. ತೊರೆಯ ಪಕ್ಕದ ಕಾಲುದಾರಿಯಲ್ಲಿ ಹನ್ನೊಂದು ಫಲಕಗಳನ್ನು ನೆಟ್ಟು, ಇದು ತೊರೆ, ಇದರಲ್ಲಿ ಹರಿಯುವುದು ನೀರು ಎಂದು, ಇಲ್ಲೇ ಹುಟ್ಟಿ ಇದರಲ್ಲೇ ಈಜು ಕಲಿತ ನಮಗೆಲ್ಲ ತಾವು ತಿಳಿಸಿಕೊಟ್ಟಿದ್ದೀರಿ. ಅದಕ್ಕೆಂದೇ ಒಂದು ಫಲಕ ಸಮಿತಿ, ಸಮಿತಿಗೊಬ್ಬ ಮುಖ್ಯಸ್ಥರು, ಫಲಕಗಳನ್ನು ಒರೆಸಲು ಒಬ್ಬರು, ಒರೆಸಿದ್ದನ್ನು ವರದಿ ಮಾಡಲು ಇನ್ನೊಬ್ಬರು ಇದ್ದಾರೆ. ಹಿಂದೆಲ್ಲ ಹಿಮ ಬಿದ್ದ ಬೆಳಗ್ಗೆ ರೈತ ಸೆಪ್ ತನ್ನ ಟ್ರ್ಯಾಕ್ಟರ್ ತಂದು ಆರು ಗಂಟೆಯೊಳಗೆ ರಸ್ತೆಯ ಹಿಮ ಬಳಿದು, ನನ್ನಲ್ಲಿ ಕಾಫಿ ಕುಡಿದು ಹೋಗುತ್ತಿದ್ದ. ಈಗ ಜ್ಯೂರಿಕ್‌ನಿಂದ ಬಂದ ತಜ್ಞರು ಚಳಿಗಾಲದ ಯೋಜನೆಯೊಂದನ್ನು ಬರೆದುಕೊಟ್ಟಿದ್ದಾರೆ. ಅದರ ಪ್ರಕಾರ ಹಿಮವನ್ನು ಮೊದಲು ಅಳೆಯಬೇಕು. ಅಳತೆ ಮುಗಿಯುವ ತನಕ ನನ್ನ ಗಿರಾಕಿಗಳು ಮೊಣಕಾಲುದ್ದ ಹಿಮದಲ್ಲಿ ನಡೆದು ಬರುತ್ತಾರೆ, ಪಾಪ.

ತೆರಿಗೆಯೇ ಬೇಡ ಎನ್ನುವವನು ನಾನಲ್ಲ. ಶಾಲೆಗೆ, ಚರಂಡಿಗೆ, ಬೆಂಕಿ ಆರಿಸುವ ಪಂಪಿಗೆ, ಸೆಪ್‌ನ ಡೀಸೆಲ್ಲಿಗೆ ಸಂತೋಷವಾಗಿ ಕೊಟ್ಟಿದ್ದೇನೆ. ಅದರಾಚೆಗಿನದು ನನ್ನ ದುಡಿಮೆ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ನನಗೂ ಅಷ್ಟಿಷ್ಟು ಗೊತ್ತು ಎಂಬ ಅಹಂಕಾರವೊಂದು ನನ್ನಲ್ಲಿದೆ.

ಸಭೆಯಲ್ಲಿ ತಾವು ಆಡಿದ ಒಂದು ಮಾತಂತೂ ನನ್ನ ಕಣ್ಣು ತೆರೆಸಿತು. "ಎಗ್ಲಿಯವರು ತೆರಿಗೆ ಇಳಿಸಿ ನಮ್ಮ ಜನರನ್ನ ಸೆಳ್ಕೊಳ್ತಾ ಇದ್ದಾರೆ, ಇದು ಅನಾರೋಗ್ಯಕರ ಪೈಪೋಟಿ, ಅವರೂ ನಮ್ಮಷ್ಟೇ ವಸೂಲಿ ಮಾಡೋ ಹಾಗೆ ಮೇಲಿನವರಿಗೆ ಬರೀತೀನಿ" ಎಂದಿರಿ. ಅಯ್ಯೋ, ಈ ಉಪಾಯ ಮೊದಲೇ ತಿಳಿದಿದ್ದರೆ! ಎಗ್ಲಿಯ ಬೇಕರಿಯ ಕೋಬಿ ನನಗಿಂತ ದೊಡ್ಡ ಬ್ರೆಡ್ಡನ್ನು ಅದೇ ಬೆಲೆಗೆ ಮಾರತೊಡಗಿದಾಗ, ನಾನು ದಡ್ಡ, ಒಂದು ಗಂಟೆ ಮುಂಚೆ ಎದ್ದು ಒಳ್ಳೆಯ ಬ್ರೆಡ್ ಮಾಡಲು ಕಲಿತೆ. ಕೋಬಿಯ ಬ್ರೆಡ್ಡನ್ನು ಸೀಯಿಸಲು ಆಜ್ಞೆ ಹೊರಡಿಸಿ ಎಂದು ತಮ್ಮ ಬಳಿ ಓಡಿಬರಬೇಕಿತ್ತು. ಮೂವತ್ತು ವರ್ಷ ಈ ಊರು ಹದವಾಗಿ ಬೆಂದ ಬ್ರೆಡ್ ತಿಂದದ್ದು ಆ ಅನಾರೋಗ್ಯದಿಂದಲೇ ಎಂಬುದನ್ನು ನಾನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಇನ್ನು ಮತದಾನದ ವಿಷಯ. ನಮ್ಮಲ್ಲಿ ಕೈ ಎತ್ತಿ ಮತ ಹಾಕುವುದು ತಲೆತಲಾಂತರದ ಪದ್ಧತಿ. ಕೈಗಳನ್ನು ಎಣಿಸುವವನಿಗೂ ಒಂದು ಮತವಿದೆ, ಸಮಸಮ ಬಂದರೆ ಅಧ್ಯಕ್ಷರದೇ ಕೊನೆಯ ಮಾತು. ಅಂದು ತಾವು ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಣಿಸೋ ಕೆಲಸ ಈ ಸಲ ನೀನೇ ಮಾಡು ಮಾರಾಯ, ನಿನ್ನಷ್ಟು ನಂಬಿಕಸ್ಥ ಈ ಊರಲ್ಲಿ ಇನ್ಯಾರಿದ್ದಾರೆ" ಎಂದಿರಿ. ನಾನು ಉಬ್ಬಿಹೋದೆ. ಸಾಲು ಸಾಲಿಗೆ ನಡೆದು, ಬೆರಳು ಮಾಡಿ, ಎರಡೆರಡು ಸಲ ಎಣಿಸಿದೆ. ಪರವಾಗಿ ಐವತ್ತೆಂಟು, ವಿರುದ್ಧವಾಗಿ ಐವತ್ತೆಂಟು. ಚೀಟಿಗೆ ಸಹಿ ಹಾಕಿ ಕೊಟ್ಟೆ. ತಾವು ಕೆಮ್ಮಿ, ತಮ್ಮ ಕೊನೆಯ ಮಾತು ಹೇಳಿದಿರಿ. ಆಮೇಲೆ ಎಲ್ಲರೂ ವೈನ್ ಮತ್ತು ಚೀಸ್ ಇಟ್ಟಿದ್ದ ಮೇಜಿನ ಕಡೆ ಹೊರಟಾಗಲಷ್ಟೇ, ಬೇರೆಯವರ ಕೈ ಎಣಿಸುವ ಭರದಲ್ಲಿ ನನ್ನ ಕೈ ಎತ್ತಿಯೇ ಇಲ್ಲ ಎಂಬುದು ನನಗೆ ಹೊಳೆದದ್ದು.

ಓಡಿಬಂದು ಹೇಳಿದೆ. ತಾವು ಗ್ಲಾಸನ್ನು ಕೆಳಗಿಡದೆಯೇ, "ಎತ್ತಿದ ಕೈ ಮಾತ್ರ ಲೆಕ್ಕ ಅಲ್ವೇನಪ್ಪಾ, ಸಹಿ ಬೇರೆ ನಿಂದೇ ಇದೆ" ಎಂದಿರಿ. ಆ ಸಂಜೆ ಆ ಮೇಜಿನ ಮೇಲಿದ್ದ ಬ್ರೆಡ್ಡೂ ನನ್ನದೇ ಆಗಿತ್ತು.

ಮನೆಯಲ್ಲಿ ನನ್ನ ಹೆಂಡತಿ ಮಾರ್ಗ್ರಿತ್ ಕೂಗಾಡಲಿಲ್ಲ. "ನಲವತ್ತು ವರ್ಷ ಹಿಟ್ಟು ನಾದಿದ ಕೈ ರೀ ಅದು, ಒಂದೇ ಒಂದು ಸಲ ಮೇಲಕ್ಕೆ ಏಳ್ಲಿಲ್ವಾ?" ಎಂದಳು, ಅಷ್ಟೇ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ಈಗ ಕೋಬಿ ವಯಸ್ಸಾಯಿತೆಂದು ಅಂಗಡಿ ಮುಚ್ಚುತ್ತಿದ್ದಾನೆ. "ಬಂದ್ಬಿಡೋ ಮೆಲ್ಕ್, ತಿಂಗಳ ಕೊನೆ ತನಕ ಬೇರೆಯವರಿಗೆ ಕೊಡಲ್ಲ" ಎಂದು ಹೇಳಿಕಳಿಸಿದ್ದಾನೆ. ನನ್ನ ಅಂಗಡಿಯಿಂದ ಅಲ್ಲಿಗೆ ನಲವತ್ತು ಮೀಟರ್, ನಡುವೆ ತೊರೆ, ಅದೇ ಎರಡೂ ಗ್ರಾಮಗಳ ಗಡಿ. ಆದರೆ ಅಜ್ಜನ ಒಲೆ ಜಾಗ ಬಿಟ್ಟು ಏಳುವುದಿಲ್ಲ, ಕಿತ್ತರೆ ಅದು ಬರೀ ಕಲ್ಲಿನ ರಾಶಿ. ಅದನ್ನು ಬಿಟ್ಟುಹೋಗಲು ನನಗೆ ಮನಸ್ಸಿಲ್ಲ, ಮಾನ್ಯರೇ.

ಆದ್ದರಿಂದ ನನ್ನ ಸಣ್ಣ ಬೇಡಿಕೆ ಏನೆಂದರೆ, ತಾವು ದಯವಿಟ್ಟು ತೊರೆಯನ್ನೇ ನಲವತ್ತು ಮೀಟರ್ ಈಚೆಗೆ ಸರಿಸಿ, ನನ್ನ ಅಂಗಡಿಯ ಹಿಂಬದಿಯಿಂದ ಹರಿಯುವಂತೆ ಮಾಡಿಕೊಡಬೇಕು. ಆಗ ಒಲೆ ಇದ್ದಲ್ಲೇ ಇದ್ದು ಎಗ್ಲಿಗೆ ಸೇರುತ್ತದೆ. ಸಮಿತಿ, ತಜ್ಞರು, ಫಲಕಗಳು ಎಲ್ಲ ತಯಾರಿರುವಾಗ ತಮಗೆ ಇದೇನು ಮಹಾ ಕೆಲಸ? ಆಗುವುದಿಲ್ಲವೆಂದಾದರೆ ತೆರಿಗೆಯನ್ನು ಎಗ್ಲಿಯ ಮಟ್ಟಕ್ಕೆ ಇಳಿಸಿದರೂ ಸಾಕು. ಆದರೆ ಅದು ತೊರೆ ಸರಿಸುವುದಕ್ಕಿಂತ ಕಷ್ಟವೆಂದು ಬಲ್ಲೆನಾದ್ದರಿಂದ ಒತ್ತಾಯಿಸುವುದಿಲ್ಲ.

ಎರಡೂ ಆಗದಿದ್ದರೆ, ಮುಂದಿನ ತಿಂಗಳು ನನ್ನ ಬಾಗಿಲ ಮುಂದೆ ಹನ್ನೆರಡನೆಯ ಫಲಕವೊಂದನ್ನು ನೆಡಿಸಿ. ಇಲ್ಲೊಂದು ಬೇಕರಿ ಇತ್ತು ಎಂದು ಬರೆಸಿದರೆ ಸಾಕು. ಅದನ್ನು ಒರೆಸಲು ಜನ ಹೇಗೂ ಇದ್ದಾರೆ.

ಇಂತು, ಎಣಿಸಲು ಬರುವ, ಎತ್ತಲು ಮರೆತ,
ತಮ್ಮ ವಿಶ್ವಾಸಿ,
ಮೆಲ್ಕ್ ಬೆಟ್ಷಾರ್ಟ್

ಮರೆತ ಮಾತು: ಕೋಬಿಯ ಅಂಗಡಿಯ ಮೇಲಿನ ಮನೆಯೂ ಖಾಲಿಯಿದೆ. ನಾನೂ ಮಾರ್ಗ್ರಿತ್ತೂ ಅಲ್ಲೇ ಇರೋಣವೆಂದು ಕೇಳಿದರೆ, ಅದಕ್ಕೆ ಶುಕ್ರವಾರ ಬೆಳಗ್ಗೆಯೇ ಯಾರೋ ಮುಂಗಡ ಕೊಟ್ಟು ಹೋಗಿದ್ದಾರೆ. ನಮ್ಮ ಫಲಕ ಸಮಿತಿಯ ಮುಖ್ಯಸ್ಥರಂತೆ. ತೆರಿಗೆ ಏರಿಸುವುದರ ಪರವಾಗಿ ಗುರುವಾರ ಎಲ್ಲರಿಗಿಂತ ಎತ್ತರಕ್ಕೆ ಹೋದ ಕೈ ಅವರದು. ಇದರಲ್ಲಿ ಅನುಮಾನವೇ ಬೇಡ, ಎರಡು ಸಲ ಎಣಿಸಿದವನು ನಾನು.